ಮನೆಯೊಳಗಿನ ಅರಸೊತ್ತಿಗೆ

ಹಿಂದಿನ ಪಠ್ಯಕ್ರಮದಲ್ಲಿ ಇಂಗ್ಲೆಂಡಿನ ಚರಿತ್ರೆಯನ್ನು ಓದಿದ ನಮ್ಮ ಹಿರಿಯ ಸೋದರಿಯರು ೧೬೮೮ನೆಯ ಇಸವಿಯನ್ನು ಮರೆತಿರಲಾರರು. ಎರಡನೆಯ ಜೇಮ್ಸ್ ದೊರೆಯು ಪಾರ್ಲಿಮೆಂಟನ್ನು ಲೆಕ್ಕಿಸದೆ ತನ್ನ ಇಚ್ಛೆಯೇ ಕಾಯಿದೆಯೆಂದು ಆಳಹೊರಟು, ಕಡೆಗೆ ಸಿಂಹಾಸನವನ್ನು ಬಿಟ್ಟು ಫ್ರಾನ್ಸಿಗೆ ಓಡಿಹೋದುದು ಆ ವರ್ಷದಲ್ಲಿ. ಮರುವರ್ಷ ಹಕ್ಕುಗಳ ಮಸೂದೆಯು ಅಂಗೀಕೃತವಾಗಿ, ದೊರೆಯೂ ಕಾಯಿದೆಗೆ ಒಳಪಟ್ಟವನೆಂಬುದು ಸ್ಥಿರವಾಯಿತು. ಪರೀಕ್ಷೆಗಾಗಿ ಇಷ್ಟನ್ನು ನಾವೆಲ್ಲರೂ ಬಾಯಿಪಾಠ ಮಾಡಿದವರೇ. ಆದರೆ ಆ ಕ್ರಾಂತಿಯ ಬೆನ್ನಿಗೇ ಎದ್ದ ಇನ್ನೊಂದು ಪ್ರಶ್ನೆಯು ಆ ಪುಸ್ತಕಗಳಲ್ಲಿ ಇರಲಿಲ್ಲ. ಅರಮನೆಯಿಂದ ಹೊರಗಟ್ಟಿದ ನಿರಂಕುಶಾಧಿಕಾರವನ್ನು ಪ್ರತಿಯೊಂದು ಮನೆಯ ಹೊಸಿಲಿನೊಳಗೆ ಏಕೆ ಇರಗೊಟ್ಟರು ಎಂಬುದೇ ಆ ಪ್ರಶ್ನೆ. ಅದನ್ನು ಕೇಳಿದವರು ಯಾರು, ಅವರಿಗೆ ದೊರೆತ ಉತ್ತರವೇನು ಎಂಬುದನ್ನು ಈ ಸಂಚಿಕೆಯ ವಾಚಕರ ಮುಂದೆ ಇಡಬೇಕೆಂದು ನಮ್ಮ ಅಪೇಕ್ಷೆ. ವಾಚಕರಲ್ಲಿ ತಾಯಿತಂದೆಗಳೂ ಇರುವುದರಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುವೆವು. ಸುಖವಾಗಿರುವ ಸಂಸಾರಗಳಲ್ಲಿ ಕಲಹವನ್ನೆಬ್ಬಿಸುವುದು ನಮ್ಮ ಉದ್ದೇಶವಲ್ಲ; ಈ ಪ್ರಶ್ನೆಯನ್ನು ಕೇಳಿದವರ ಉದ್ದೇಶವೂ ಅದಾಗಿರಲಿಲ್ಲ.

ಅರಸರ ಪಕ್ಷದವರು ತಮ್ಮ ವಾದವನ್ನು ಮನೆಯಿಂದಲೇ ಆರಂಭಿಸುತ್ತಿದ್ದರು. ಸರ್ ರಾಬರ್ಟ್ ಫಿಲ್ಮರ್ ಎಂಬವನ ಗ್ರಂಥವೊಂದು, ಅವನು ತೀರಿಕೊಂಡ ಬಹುಕಾಲದ ಮೇಲೆ, ೧೬೮೦ರಲ್ಲಿ ಅಚ್ಚಾಯಿತು. ದೇವರು ಆದಾಮನಿಗೆ ಕೊಟ್ಟ ತಂದೆತನದ ಅಧಿಕಾರವೇ ವಂಶಪಾರಂಪರ್ಯವಾಗಿ ಅರಸರಿಗೆ ಇಳಿದು ಬಂದಿದೆ, ಮಕ್ಕಳು ತಂದೆಯನ್ನು ಹೇಗೆ ಆರಿಸಿಕೊಳ್ಳಲಾರರೋ ಹಾಗೆಯೇ ಪ್ರಜೆಗಳೂ ದೊರೆಯನ್ನು ಆರಿಸಿಕೊಳ್ಳಲಾರರು ಎಂಬುದು ಅವನ ಮತ. ಇದನ್ನು ಖಂಡಿಸಿ ಜಾನ್ ಲಾಕ್ ಎಂಬ ತತ್ತ್ವಜ್ಞಾನಿಯು ೧೬೮೯ರಲ್ಲಿ ತನ್ನ ಎರಡು ರಾಜ್ಯಶಾಸ್ತ್ರ ಪ್ರಬಂಧಗಳನ್ನು ಹೆಸರಿಲ್ಲದೆ ಪ್ರಕಟಿಸಿದನು. ದಶಾಜ್ಞೆಗಳಲ್ಲಿ ತಂದೆಯೊಡನೆ ತಾಯಿಯನ್ನೂ ಸನ್ಮಾನಿಸಬೇಕೆಂದು ಹೇಳಿರುವುದನ್ನು ಎತ್ತಿತೋರಿಸಿ, ಮಕ್ಕಳ ಮೇಲಣ ಅಧಿಕಾರದಲ್ಲಿ ತಾಯಿಗೂ ಪಾಲುಂಟೆಂದು ಅವನು ವಾದಿಸಿದನು. ಗಂಡನ ಅಧಿಕಾರವು ರಾಜಾಧಿಕಾರದ ಜಾತಿಯದಲ್ಲ, ಹೆಂಡತಿಯ ಪ್ರಾಣದ ಮೇಲೆ ಅವನಿಗೆ ಯಾವ ಹಕ್ಕೂ ಇಲ್ಲ ಎಂದನು. ಹೀಗೆ ಮನೆಗೂ ರಾಜ್ಯಕ್ಕೂ ಇದ್ದ ಗಂಟನ್ನು ಬಿಚ್ಚಿದ ಮೇಲೆ, ದಂಪತಿಗಳಲ್ಲಿ ಭಿನ್ನಾಭಿಪ್ರಾಯ ಬಂದಾಗ ಕಡೆಯ ಮಾತು ಯಾರದಾಗಬೇಕು ಎಂಬ ಸ್ಥಳಕ್ಕೆ ಬಂದು, ಹೆಚ್ಚು ಸಮರ್ಥನೂ ಬಲಿಷ್ಠನೂ ಆದುದರಿಂದ ಗಂಡಸಿನದೇ ಎಂದು ಮುಂದೆ ನಡೆದುಬಿಟ್ಟನು. ಅಷ್ಟು ದೊಡ್ಡ ತರ್ಕಪಟುವು ಅಷ್ಟು ಸಣ್ಣ ಕಾರಣವನ್ನು ಕೊಟ್ಟು ತೃಪ್ತನಾದುದು ನಮಗೆ ಆಶ್ಚರ್ಯವಾಗಿ ತೋರುತ್ತದೆ. ಬಲವೇ ಅಧಿಕಾರಕ್ಕೆ ಆಧಾರವಲ್ಲವೆಂದು ಅವನ ಗ್ರಂಥದ ಉಳಿದ ಭಾಗವೆಲ್ಲ ಸಾಧಿಸುತ್ತದೆಯಷ್ಟೆ.

ಈ ಸಂದನ್ನು ಕಂಡುಹಿಡಿದವಳು ಮೇರಿ ಆಸ್ಟೆಲ್. ಈಕೆಯು ೧೬೬೬ರಲ್ಲಿ ನ್ಯೂಕಾಸಲ್ ಪಟ್ಟಣದ ಕಲ್ಲಿದ್ದಲು ವ್ಯಾಪಾರಿಯೊಬ್ಬನ ಮನೆಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ತಾರುಣ್ಯದಲ್ಲಿ ಲಂಡನ್ನಿಗೆ ಬಂದು ಚೆಲ್ಸಿಯಲ್ಲಿ ನೆಲೆಸಿದಳು. ಜೀವಮಾನದಲ್ಲಿ ವಿವಾಹವಾಗಲಿಲ್ಲ. ಹೆಂಗಸರು ಒಟ್ಟಾಗಿ ವಾಸಮಾಡುತ್ತ ವ್ಯಾಸಂಗ ನಡೆಸುವುದಕ್ಕೆ ಒಂದು ವಿದ್ಯಾಮಂದಿರ ಬೇಕೆಂದು ೧೬೯೪ರಲ್ಲಿ ಒಂದು ಪುಸ್ತಕವನ್ನು ಬರೆದಳು. ವಿವಾಹವನ್ನು ಕುರಿತ ಆಕೆಯ ಗ್ರಂಥವು ಹೊರಬಿದ್ದುದು ೧೭೦೦ರಲ್ಲಿ. ಗಂಡನ ಕಾಟವನ್ನು ತಾಳಲಾರದೆ ಓಡಿಬಂದು ಚೆಲ್ಸಿಯಲ್ಲಿಯೇ ೧೬೯೯ರಲ್ಲಿ ಮಡಿದ ಮಜಾರಿನ್ ಸಂಸ್ಥಾನದ ಡಚೆಸ್ಸಳ ಮೊಕದ್ದಮೆಯ ವೃತ್ತಾಂತವು ಆಕೆಗೆ ಅದನ್ನು ಬರೆಯಲು ನಿಮಿತ್ತವಾಯಿತು. ೧೭೦೬ರಲ್ಲಿ ಮೂರನೆಯ ಆವೃತ್ತಿಯು ಅಚ್ಚಾದಾಗ ಆಕೆಯು ಅದಕ್ಕೆ ಒಂದು ಮುನ್ನುಡಿಯನ್ನು ಸೇರಿಸಿದಳು. ನಾವು ಹೇಳುತ್ತಿರುವ ಪ್ರಶ್ನೆಯು ಕತ್ತಿಯ ಅಲಗಿನಂತೆ ಹೊಳೆಯುವುದು ಆ ಮುನ್ನುಡಿಯಲ್ಲಿ. ದೇಶವನ್ನು ಆಳುವುದಕ್ಕೆ ಎದುರಿಲ್ಲದ ಒಡೆತನವು ಬೇಡವಾದರೆ ಸಂಸಾರವನ್ನು ನಡೆಸುವುದಕ್ಕೆ ಅದು ಬೇಕಾದೀತೇ, ಸಂಸಾರಕ್ಕೆ ಬೇಕಾದರೆ ದೇಶಕ್ಕೆ ಏಕೆ ಬೇಡ ಎಂದು ಎರಡು ಕಡೆಯಿಂದಲೂ ಹಿಡಿದು ಕೇಳಿದಳು.

ಇಲ್ಲಿ ಒಂದು ವಿಚಿತ್ರವುಂಟು. ಆಸ್ಟೆಲಳು ರಾಜಪಕ್ಷದವಳು, ೧೬೮೮ರ ಕ್ರಾಂತಿಯನ್ನು ಮೆಚ್ಚಿದವಳೇ ಅಲ್ಲ. ಬೀದಿಯಲ್ಲಿ ಸ್ವಾತಂತ್ರ್ಯವನ್ನು ಸಾರಿ ಮನೆಗೆ ಬಂದು ದೊರೆಗಳಾಗುತ್ತಿದ್ದ ಎದುರು ಪಕ್ಷದವರನ್ನು ಅವರ ಮಾತಿನಲ್ಲಿಯೇ ಸಿಕ್ಕಿಸುವುದು ಆಕೆಯ ಹಂಚಿಕೆ. ಆದುದರಿಂದಲೇ ಆಕೆ ಕೊಟ್ಟ ಪರಿಹಾರವು ಪ್ರಶ್ನೆಯಷ್ಟು ದಿಟ್ಟವಾಗಿಲ್ಲ. ಒಮ್ಮೆ ಕೈಹಿಡಿದ ಮೇಲೆ ಹೆಂಡತಿಯು ವಿಧೇಯಳಾಗಿಯೇ ನಡೆಯಬೇಕು. ಆದರೆ ಕೈಹಿಡಿಯಲೇಬೇಕೆಂಬ ಬಲಾತ್ಕಾರವಿಲ್ಲ. ಆದುದರಿಂದ ಹುಡುಗಿಯರೇ, ಬುದ್ಧಿಯನ್ನು ಬೆಳೆಸಿಕೊಳ್ಳಿರಿ, ಒಡೆಯನನ್ನು ಆರಿಸುವ ಮೊದಲು ನೂರು ಸಾರಿ ಯೋಚಿಸಿರಿ ಎಂಬುದು ಆಕೆಯ ಬೋಧೆಯ ಸಾರ. ಮದುವೆಯ ಹೊರತು ಬೇರೆ ಜೀವನೋಪಾಯವಿಲ್ಲದ ಹುಡುಗಿಗೆ ಈ ಬೋಧೆಯಿಂದ ಏನು ಪ್ರಯೋಜನ? ಆದರೂ ಆಕೆಯು ಬರಿಯ ಮಾತಿನವಳಲ್ಲ. ೧೭೦೯ರಲ್ಲಿ ಚೆಲ್ಸಿಯಲ್ಲಿ ಬಡ ಹುಡುಗಿಯರಿಗಾಗಿ ಒಂದು ಧರ್ಮಶಾಲೆಯನ್ನು ತೆರೆಯಿಸಿದಳು. ಆಕೆಯ ಪ್ರಶ್ನೆಯ ನಿಜವಾದ ಬಲವು ಇನ್ನೊಂದು ಕಡೆ ಇದೆ. ಗಂಡನು ಕೆಟ್ಟವನೆಂದು ಆಕೆ ಹೇಳಲಿಲ್ಲ. ಅವನು ಯಾರಿಗೆ ಉತ್ತರ ಕೊಡಬೇಕಾದವನು ಎಂದು ಕೇಳಿದಳು. ಒಳ್ಳೆಯ ಗಂಡಂದಿರ ಉದಾಹರಣೆಗಳನ್ನು ಎಷ್ಟು ಒಟ್ಟಿದರೂ ಈ ಪ್ರಶ್ನೆಗೆ ಉತ್ತರವಾಗದು. ಒಳ್ಳೆಯ ದೊರೆಗಳೂ ಇದ್ದರಷ್ಟೆ!

ಆ ಕಾಲದ ಇಂಗ್ಲಿಷ್ ಕಾಯಿದೆಯಲ್ಲಿ ಹೆಂಡತಿಯ ಸ್ಥಿತಿಯೇನೆಂಬುದನ್ನು ಇಲ್ಲಿ ಹೇಳದಿದ್ದರೆ ಮುಂದಿನ ವಿಷಯವು ಸ್ಪಷ್ಟವಾಗದು. ಇದನ್ನು ನ್ಯಾಯಾಧೀಶನಾದ ವಿಲಿಯಂ ಬ್ಲ್ಯಾಕ್‌ಸ್ಟನ್ ೧೭೬೫ರಲ್ಲಿ ಹೊರಟ ತನ್ನ ವ್ಯಾಖ್ಯಾನದ ಮೊದಲ ಸಂಪುಟದಲ್ಲಿ ವಿವರಿಸಿದ್ದಾನೆ. ವಿವಾಹದಿಂದ ಗಂಡಹೆಂಡಿರು ಕಾಯಿದೆಯ ದೃಷ್ಟಿಯಲ್ಲಿ ಒಂದೇ ವ್ಯಕ್ತಿಯಾಗುವರು. ಆ ಒಂದು ವ್ಯಕ್ತಿಯು ಗಂಡನೇ. ಹೆಂಡತಿಯ ಕೈಯಲ್ಲಿದ್ದ ಹಣ, ಒಡವೆ, ಪಾತ್ರೆ ಪದಾರ್ಥ, ದುಡಿದು ತಂದ ಕೂಲಿ ಎಲ್ಲವೂ ಅವನದು. ಅವಳ ಜಮೀನಿನ ಉತ್ಪನ್ನವು ವಿವಾಹವು ಇರುವ ತನಕ ಅವನದು. ಅವಳು ಸ್ವಂತವಾಗಿ ಕರಾರು ಮಾಡಿಕೊಳ್ಳಲಾರಳು, ಫಿರ್ಯಾದು ಹಾಕಲಾರಳು, ಅವನ ಒಪ್ಪಿಗೆಯಿಲ್ಲದೆ ಮರಣಶಾಸನವನ್ನು ಬರೆಯಲಾರಳು. ಮಕ್ಕಳು ತಂದೆಯ ವಶ. ಸಾಯುವಾಗ ಅವನು ತಾಯಿಯನ್ನು ಬಿಟ್ಟು ಬೇರೊಬ್ಬನನ್ನು ಅವರಿಗೆ ಪೋಷಕನನ್ನಾಗಿ ನೇಮಿಸಬಹುದು. ಐಶ್ವರ್ಯವಂತರಾದ ತಂದೆಗಳು ಚಾನ್ಸರಿ ನ್ಯಾಯಸ್ಥಾನದ ಸಹಾಯದಿಂದ ಮಗಳ ಆಸ್ತಿಯನ್ನು ಧರ್ಮದರ್ಶಿಗಳ ಕೈಯಲ್ಲಿಟ್ಟು ಅಳಿಯನ ಕೈಗೆ ಸಿಕ್ಕದಂತೆ ಮಾಡುತ್ತಿದ್ದರು. ಅಷ್ಟಕ್ಕೆ ಹಣವಿಲ್ಲದವರ ಹೆಣ್ಣುಮಕ್ಕಳಿಗೆ ಈ ಬೇಲಿಯೂ ಇರಲಿಲ್ಲ. ಇದೆಲ್ಲವೂ ಹೆಂಗಸರ ಹಿತಕ್ಕಾಗಿಯೇ ಎಂದು ಬ್ಲ್ಯಾಕ್‌ಸ್ಟನ್ನನು ಮನಃಪೂರ್ವಕವಾಗಿ ನಂಬಿದ್ದನು.

ಪ್ರಸಂಗವಶಾತ್ ಒಂದು ಮಾತು. ಬ್ಲ್ಯಾಕ್‌ಸ್ಟನ್ನನಿಗೆ ಆರು ಶತಮಾನಗಳಿಗೂ ಹಿಂದೆ ನಮ್ಮ ಕಲ್ಯಾಣ ನಗರದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯಲ್ಲಿ ಸ್ತ್ರೀಧನವೆಂಬ ಪ್ರತ್ಯೇಕ ಆಸ್ತಿಗೆ ಬಹು ವಿಶಾಲವಾದ ಅರ್ಥವನ್ನು ಹೇಳಿದೆ. ಆ ವೈಶಾಲ್ಯವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಕುಗ್ಗಿಸಿತು. ನಮ್ಮಲ್ಲಿ ಸ್ತ್ರೀಯರಿಗೆ ಕಷ್ಟವಿರಲಿಲ್ಲವೆಂದು ಇದರಿಂದ ಯಾರೂ ಹೆಮ್ಮೆಪಡಬೇಕಾಗಿಲ್ಲ; ಶಾಸ್ತ್ರದಲ್ಲಿದ್ದುದು ಮನೆಯಲ್ಲಿ ನಡೆಯುತ್ತಿದ್ದಿತೇ ಎಂಬುದು ಬೇರೆ ಮಾತು.

ಬ್ಲ್ಯಾಕ್‌ಸ್ಟನ್ನನ ಕಾಯಿದೆಯು ಹಡಗನ್ನೇರಿ ಅಮೆರಿಕೆಯ ವಸಾಹತುಗಳಿಗೂ ಹೋಗಿದ್ದಿತು. ಅವು ಇಂಗ್ಲೆಂಡಿನ ದೊರೆಗೆ ತಿರುಗಿಬಿದ್ದು ಹೊಸ ರಾಜ್ಯವನ್ನು ಕಟ್ಟಲು ಹೊರಟಿದ್ದಾಗ, ೧೭೭೬ರ ಮಾರ್ಚ್ ೩೧ರಂದು, ಅಬಿಗೈಲ್ ಆಡಮ್ಸ್ ಎಂಬ ಗೃಹಿಣಿಯು ಫಿಲಡೆಲ್ಫಿಯದ ಮಹಾಸಭೆಯಲ್ಲಿದ್ದ ತನ್ನ ಗಂಡನಿಗೆ ಒಂದು ಕಾಗದವನ್ನು ಬರೆದಳು. ಹೊಸ ಕಾಯಿದೆಗಳನ್ನು ಮಾಡುವಾಗ ಹೆಂಗಸರನ್ನು ನೆನೆಯಿರಿ, ಗಂಡಂದಿರ ಕೈಗೆ ಮಿತಿಯಿಲ್ಲದ ಅಧಿಕಾರವನ್ನು ಕೊಡಬೇಡಿರಿ ಎಂಬುದು ಅದರಲ್ಲಿದ್ದ ಬೇಡಿಕೆ. ಅವಳ ಗಂಡನಾದ ಜಾನ್ ಆಡಮ್ಸನು ಸಜ್ಜನನು, ಹೆಂಡತಿಯನ್ನು ಪ್ರೀತಿಸಿದವನು, ಮುಂದೆ ಆ ದೇಶದ ಅಧ್ಯಕ್ಷನಾದವನು. ಅವನು ಮರುತಿಂಗಳು ಬರೆದ ಉತ್ತರದಲ್ಲಿ ನಕ್ಕುಬಿಟ್ಟನು. ಗಂಡಸರು ಹೆಸರಿಗೆ ಮಾತ್ರ ಒಡೆಯರು, ನಿಜವಾಗಿ ಆಳುವವರು ನೀವೇ ಎಂಬ ಧಾಟಿಯ ಆ ವಿನೋದವನ್ನು ನಮ್ಮ ವಾಚಕರು ತಮ್ಮ ಮನೆಗಳಲ್ಲಿಯೂ ಕೇಳಿರಬಹುದು. ಸಿಟ್ಟಿಗೆ ಪ್ರತ್ಯುತ್ತರವನ್ನು ಹೇಳಬಹುದು. ನಗುವಿಗೆ ಏನು ಹೇಳುವುದು?

ನಗಲು ಅವಕಾಶವನ್ನೇ ಕೊಡದ ಗ್ರಂಥವು ೧೭೯೨ರಲ್ಲಿ ಹೊರಟಿತು. ಅದನ್ನು ಬರೆದ ಮೇರಿ ವುಲ್‌ಸ್ಟನ್‌ಕ್ರಾಫ್ಟಳು ೧೭೫೯ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವಳು. ತಂದೆಯು ಕುಡುಕನು, ಹೆಂಡತಿಯನ್ನು ಹೊಡೆಯುವವನು. ತಾಯಿಗೆ ಏಟು ಬೀಳದಂತೆ ತಡೆಯಲು ಈ ಹುಡುಗಿಯು ರಾತ್ರಿಯಲ್ಲಿ ಅವರ ಕೋಣೆಯ ಬಳಿಯಲ್ಲಿಯೇ ಮಲಗಿರುತ್ತಿದ್ದಳೆಂದು ಆಕೆಯ ಪತಿಯು ಮುಂದೆ ಬರೆದ ಚರಿತ್ರೆಯಲ್ಲಿ ಹೇಳಿದ್ದಾನೆ. ೧೭೮೪ರಲ್ಲಿ ಆಕೆಯು ಸಂಕಟದಲ್ಲಿದ್ದ ತನ್ನ ತಂಗಿಯನ್ನು ಗಂಡನ ಮನೆಯಿಂದ ಗುಟ್ಟಾಗಿ ಹೊರಗೆ ಕರೆತಂದಳು. ಕೂಸು ತಂದೆಯ ಸ್ವತ್ತೆಂದು ಕಾಯಿದೆಯಿದ್ದುದರಿಂದ ಅದನ್ನು ಅಲ್ಲಿಯೇ ಬಿಟ್ಟುಬರಬೇಕಾಯಿತು. ಅದು ಒಂದು ವರ್ಷವೂ ಬದುಕಲಿಲ್ಲ. ಅದೇ ವರ್ಷ ಅಕ್ಕತಂಗಿಯರೂ ಒಬ್ಬ ಗೆಳತಿಯೂ ಸೇರಿ ಹೊಟ್ಟೆಪಾಡಿಗಾಗಿ ಒಂದು ಶಾಲೆಯನ್ನು ತೆರೆದರು. ಎರಡು ವರ್ಷಗಳಲ್ಲಿ ಅದು ಮುಚ್ಚಿತು. ಬಳಿಕ ಮೇರಿಯು ಐರ್ಲೆಂಡಿನ ಒಬ್ಬ ಶ್ರೀಮಂತನ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದು, ಕಡೆಗೆ ಲೇಖನಿಯಿಂದಲೇ ಜೀವಿಸುವೆನೆಂದು ಲಂಡನ್ನಿಗೆ ಬಂದಳು. ದುಡಿಯುವ ಹೆಣ್ಣಿಗೆ ತೆರೆದಿದ್ದ ಬಾಗಿಲುಗಳನ್ನೆಲ್ಲ ಹೀಗೆ ಒಂದೊಂದಾಗಿ ತಟ್ಟಿ ನೋಡಿದ ಮೇಲೆ ಬರೆದ ಪುಸ್ತಕವದು.

ಫ್ರಾನ್ಸಿನಲ್ಲಿ ಆಗ ಮಹಾಕ್ರಾಂತಿಯು ನಡೆಯುತ್ತಿದ್ದಿತು. ಸಾರ್ವಜನಿಕ ವಿದ್ಯಾಭ್ಯಾಸವನ್ನು ಕುರಿತು ಟ್ಯಾಲಿರಾಂಡನು ೧೭೯೧ರಲ್ಲಿ ಅಲ್ಲಿನ ಸಭೆಗೆ ಒಪ್ಪಿಸಿದ ವರದಿಯಲ್ಲಿ ಹುಡುಗಿಯರು ಎಂಟು ವರ್ಷದ ತನಕ ಮಾತ್ರ ಶಾಲೆಯಲ್ಲಿರಬಹುದು, ಆಮೇಲೆ ಮನೆಯೇ ಸಾಕು ಎಂದಿದ್ದಿತು. ಮೇರಿಯು ತನ್ನ ಗ್ರಂಥವನ್ನು ಅವನಿಗೇ ಅರ್ಪಿಸಿ, ಅರ್ಪಣೆಯಲ್ಲಿಯೇ ಜಗಳಕ್ಕೆ ನಿಂತಳು. ಬಲಹೀನ ದೊರೆಯಿಂದ ಹಿಡಿದು ಬಲಹೀನ ಮನೆಯೊಡೆಯನ ವರೆಗೆ ಪೀಡಕರೆಲ್ಲರೂ ಆಡುವ ಮಾತು ಒಂದೇ, ನಿಮ್ಮ ಹಿತವನ್ನು ನಾವು ಬಲ್ಲೆವು, ನೀವು ಯೋಚಿಸಬೇಡಿರಿ ಎಂಬುದು ಎಂದಳು. ಆಕೆ ಬಯಸಿದುದು ಸರಕಾರವು ನಡೆಸುವ ಹಗಲು ಶಾಲೆಗಳನ್ನು; ಅಲ್ಲಿ ಹುಡುಗರೂ ಹುಡುಗಿಯರೂ, ಬಡವರೂ ಬಲ್ಲಿದರೂ ಒಟ್ಟಿಗೆ ಓದಬೇಕು; ಮುಂದೆ ಹೆಂಗಸರು ವೈದ್ಯವನ್ನೂ ವ್ಯಾಪಾರವನ್ನೂ ಕಲಿತು ಸ್ವಂತ ದುಡಿಮೆಯ ಅನ್ನವನ್ನು ಉಣ್ಣಬೇಕು.

ಆದರೆ ಈ ಗ್ರಂಥದಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿಯುವುದು ಬೇರೊಂದು ಭಾಗ. ದಬ್ಬಾಳಿಕೆಯಿಂದ ಹೆಣ್ಣು ನೋಯುವಳೆಂದು ಮಾತ್ರ ಆಕೆ ಹೇಳಲಿಲ್ಲ, ಕೆಡುವಳೆಂದು ಹೇಳಿದಳು. ನ್ಯಾಯವಾದ ಅಧಿಕಾರವನ್ನು ಕಸಿದುಕೊಂಡರೆ ಮನುಷ್ಯನು ಅಧಿಕಾರವನ್ನೇ ಬಿಟ್ಟುಬಿಡುವುದಿಲ್ಲ. ಕಳ್ಳದಾರಿಯಿಂದ ಅದನ್ನು ಸಂಪಾದಿಸುತ್ತಾನೆ. ಕಣ್ಣೀರು, ಮುನಿಸು, ಬೆಡಗು, ಚಾಡಿ ಇವೇ ಹೆಣ್ಣಿನ ಆಯುಧಗಳಾಗುತ್ತವೆ. ಮೇಲಿನವರಿಗೆ ದಾಸಿಯಾಗಿ ಬಗ್ಗಿದವಳು ಕೆಳಗಿನವರಾದ ಮಕ್ಕಳ ಮೇಲೂ ಆಳುಗಳ ಮೇಲೂ ರಾಣಿಯಾಗಿ ನಿಲ್ಲುತ್ತಾಳೆ. ಇದನ್ನು ನಮ್ಮ ನಾಡಿನವರು ಓದಿದರೆ ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆಯು ನೆನಪಿಗೆ ಬಾರದಿರದು. ಇದು ಹೆಣ್ಣಿನ ಸ್ವಭಾವವೆಂದು ಹೇಳುವವರಿಗೆ ಆಕೆಯು ಸೈನ್ಯದ ಅಧಿಕಾರಿಗಳನ್ನು ತೋರಿಸಿದಳು. ಅವರಿಗೂ ಆಳವಾದ ವಿದ್ಯೆಯಿಲ್ಲ, ಪ್ರಶ್ನಿಸದೆ ವಿಧೇಯರಾಗಿರುವುದೇ ಶಿಕ್ಷಣ, ಅವರಿಗೂ ಉಡಿಗೆತೊಡಿಗೆಯ ಹಾಗೂ ಬೆಡಗಿನ ಮಾತಿನ ಹುಚ್ಚು! ಒಂದೇ ಬಗೆಯ ಶಿಕ್ಷಣದಿಂದ ಒಂದೇ ಬಗೆಯ ಫಲ. ಶ್ರೀಮಂತರ ಮನೆಯ ಹೆಂಗಸರನ್ನು ಆಕೆಯು ಕೆಲವೆಡೆಗಳಲ್ಲಿ ಅತಿ ಕಟುವಾಗಿ ನಿಂದಿಸುತ್ತಾಳೆಂಬುದು ನಿಜ. ಅವರ ಮನೆಯಲ್ಲಿ ಸಂಬಳಕ್ಕಿದ್ದ ಉಪಾಧ್ಯಾಯಿನಿಯ ನೆನಪುಗಳು ಆ ಕಟುತ್ವದ ಹಿಂದೆ ಇವೆ ಎಂದು ನಮಗೆ ತೋರುತ್ತದೆ.

ಆಕೆಯು ೧೭೯೭ರ ಸೆಪ್ಟೆಂಬರಿನಲ್ಲಿ, ಎರಡನೆಯ ಹೆರಿಗೆಯಾದ ಹನ್ನೊಂದನೆಯ ದಿನ, ಮೂವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅರ್ಧದಲ್ಲಿ ನಿಂತ ಕಾದಂಬರಿಯೊಂದು ಮೇಜಿನ ಮೇಲೆ ಉಳಿಯಿತು. ಅದರ ನಾಯಿಕೆಯನ್ನು ಅವಳ ಗಂಡನು ಆಸ್ತಿಯ ಆಸೆಯಿಂದ ಹುಚ್ಚಾಸ್ಪತ್ರೆಯಲ್ಲಿ ಕೂಡಿಹಾಕಿಸಿ, ಮಗುವನ್ನು ಕಿತ್ತುಕೊಳ್ಳುತ್ತಾನೆ. ಪತಿಯಾದ ವಿಲಿಯಂ ಗಾಡ್ವಿನನು ೧೭೯೮ರಲ್ಲಿ ಆಕೆಯ ಖಾಸಗಿ ಜೀವನವನ್ನೆಲ್ಲ ಮುಚ್ಚುಮರೆಯಿಲ್ಲದೆ ಪ್ರಕಟಿಸಿದುದರಿಂದ ಜನರು ಬೆಚ್ಚಿಬಿದ್ದರು. ಮರ್ಯಾದಸ್ಥರ ಮನೆಗಳಲ್ಲಿ ಆಕೆಯ ಹೆಸರನ್ನು ಬಹುಕಾಲ ಎತ್ತುತ್ತಿರಲಿಲ್ಲ. ಫ್ರಾನ್ಸಿನಲ್ಲಿ ಸ್ತ್ರೀಯರ ಹಕ್ಕುಗಳ ಘೋಷಣೆಯನ್ನು ೧೭೯೧ರಲ್ಲಿ ಬರೆದ ಒಲಿಂಪ್ ದ ಗೂಜಳ ಗತಿಯು ಇನ್ನೂ ದಾರುಣ. ಕ್ರಾಂತಿಕಾರರ ಸರಕಾರವೇ ಆಕೆಯನ್ನು ೧೭೯೩ರ ನವೆಂಬರಿನಲ್ಲಿ ಶಿರಚ್ಛೇದ ಮಾಡಿಸಿತು.

ಮುಂದಿನ ಪೀಳಿಗೆಯಲ್ಲಿ ಈ ವಾದವನ್ನು ಮತ್ತೆ ಕೆಣಕಿದವನು ಜೇಮ್ಸ್ ಮಿಲ್. ಹಿಂದೂದೇಶಕ್ಕೆ ಒಮ್ಮೆಯೂ ಕಾಲಿಡದೆ ಹಿಂದೂದೇಶದ ಚರಿತ್ರೆಯನ್ನು ೧೮೧೭ರಲ್ಲಿ ಸಂಪುಟಗಟ್ಟಲೆ ಬರೆದು, ಈಸ್ಟ್ ಇಂಡಿಯಾ ಕಂಪೆನಿಯಲ್ಲಿ ಅಧಿಕಾರಿಯಾದವನೇ ಈತನು. ೧೮೨೦ರಲ್ಲಿ ಬರೆದ ರಾಜ್ಯಭಾರವೆಂಬ ಲೇಖನದಲ್ಲಿ, ಯಾರ ಕೈಗೆ ಅಧಿಕಾರ ಬಂದರೂ ತಡೆಯಿಲ್ಲದಿದ್ದರೆ ಅವರು ಅದನ್ನು ತಮ್ಮ ಲಾಭಕ್ಕೆ ತಿರುಗಿಸಿಕೊಳ್ಳುವುದು ಮನುಷ್ಯಸ್ವಭಾವವಾದುದರಿಂದ ಪ್ರಜೆಗಳಿಗೆ ಮತವಿರಬೇಕೆಂದು ಸಾಧಿಸಿದನು. ಕೂಡಲೇ, ಯಾರ ಹಿತವು ಇತರರ ಹಿತದಲ್ಲಿ ಅಡಗಿದೆಯೋ ಅವರನ್ನು ಪಟ್ಟಿಯಿಂದ ಬಿಟ್ಟುಬಿಡಬಹುದು, ಮಕ್ಕಳನ್ನೂ ಹೆಂಗಸರನ್ನೂ ಹಾಗೆಯೇ ಎಂದು ಎರಡು ಪಂಕ್ತಿಗಳಲ್ಲಿ ಮುಗಿಸಿದನು. ಕಾಣದ ದೇಶವನ್ನು ತೀರ್ಪುಮಾಡಿದವನಿಗೆ ಕಾಣುವ ಹೆಂಗಸರನ್ನು ತೀರ್ಪುಮಾಡುವುದು ಏನು ಕಷ್ಟ!

ಇದಕ್ಕೆ ೧೮೨೫ರಲ್ಲಿ ಉತ್ತರ ಕೊಟ್ಟವರು ಐರ್ಲೆಂಡಿನ ಕಾರ್ಕ್ ಪಟ್ಟಣದ ವಿಲಿಯಂ ಥಾಂಸನ್ ಮತ್ತು ಅನ್ನಾ ವೀಲರ್. ಗ್ರಂಥದ ಮೇಲೆ ಥಾಂಸನನ ಹೆಸರೊಂದೇ ಇದ್ದರೂ ಅದರ ವಿಚಾರಗಳಲ್ಲಿ ಬಹುಭಾಗವು ವೀಲರಳದೆಂದು ಅವನೇ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ. ಆಕೆಯು ಹದಿನೈದನೆಯ ವಯಸ್ಸಿಗೆ ಮದುವೆಯಾಗಿ, ಕುಡುಕನಾದ ಗಂಡನೊಡನೆ ಹನ್ನೆರಡು ವರ್ಷ ಬಾಳಿ, ೧೮೧೨ರಲ್ಲಿ ಹೆಣ್ಣುಮಕ್ಕಳೊಡನೆ ಮನೆಯನ್ನು ಬಿಟ್ಟುಬಂದವಳು. ತಂದೆಯೂ ಗಂಡನೂ ಇಲ್ಲದ ಹೆಂಗಸರ ಹಿತವು ಯಾರ ಹಿತದಲ್ಲಿ ಅಡಗಿದೆ ಎಂದು ಅವರು ಮೊದಲು ಕೇಳಿದರು. ಸಿಂಹಾಸನದಲ್ಲಿಯೂ ಶಾಸನಸಭೆಯಲ್ಲಿಯೂ ಸ್ವಾರ್ಥಿಯಾದ ಮನುಷ್ಯನು ಸಂಜೆ ಮನೆಯ ಬಾಗಿಲನ್ನು ದಾಟಿದ ಮಾತ್ರಕ್ಕೆ ದೇವದೂತನಾಗುವನೇ ಎಂಬುದು ಎರಡನೆಯದು. ವಿವಾಹವನ್ನು ಕರಾರೆಂದು ಕರೆಯುವುದನ್ನೂ ಅವರು ಒಪ್ಪಲಿಲ್ಲ. ಕರಾರಿನ ನಿಬಂಧನೆಗಳಲ್ಲಿ ಒಂದಕ್ಷರವನ್ನಾದರೂ ತಿದ್ದಲು ಒಂದು ಪಕ್ಷಕ್ಕೆ ಅಧಿಕಾರವಿಲ್ಲದಿದ್ದರೆ ಅದೆಂತಹ ಕರಾರು?

ಗ್ರಂಥಗಳಲ್ಲಿ ಹೀಗೆ ವಾದವು ನಡೆಯುತ್ತಿರುವಾಗ ಒಂದು ಮೊಕದ್ದಮೆಯು ಇಡೀ ಲಂಡನ್ನಿನ ಕಣ್ಣಿಗೆ ಇದನ್ನು ತಂದಿತು. ನಾಟಕಕಾರನಾದ ಶೆರಿಡನ್ನನ ಮೊಮ್ಮಗಳೂ ಕವಿಯಿತ್ರಿಯೂ ಆದ ಕ್ಯಾರೊಲೈನ್ ನಾರ್ಟನಳು ೧೮೨೭ರಲ್ಲಿ ಜಾರ್ಜ್ ನಾರ್ಟನ್ ಎಂಬ ವಕೀಲನನ್ನು ಮದುವೆಯಾದಳು. ಅವನು ಅವಳನ್ನು ಹೊಡೆಯುತ್ತಿದ್ದನು. ೧೮೩೬ರಲ್ಲಿ ಮೂವರು ಗಂಡುಮಕ್ಕಳನ್ನೂ ಅವಳಿಂದ ಅಗಲಿಸಿ ಬೇರೆ ಕಡೆಗೆ ಕಳುಹಿಸಿದನು. ಆಮೇಲೆ ಪ್ರಧಾನಮಂತ್ರಿಯಾದ ಲಾರ್ಡ್ ಮೆಲ್ಬರ್ನನೊಡನೆ ಅವಳ ಹೆಸರನ್ನು ಸೇರಿಸಿ ಅವನ ಮೇಲೆ ಪರಿಹಾರದ ದಾವೆಯನ್ನು ಹೂಡಿದನು. ಮಾನವು ಯಾರದು ಪಣವಾಗಿದ್ದಿತೋ ಅವಳು ಆ ದಾವೆಯಲ್ಲಿ ಕಕ್ಷಿಯೇ ಅಲ್ಲ, ಬಾಯಿ ತೆರೆಯುವ ಹಕ್ಕೂ ಅವಳಿಗಿರಲಿಲ್ಲ. ಪಂಚಾಯ್ತರು ಆಸನದಿಂದ ಏಳದೆಯೇ ಆರೋಪವನ್ನು ತಳ್ಳಿಹಾಕಿದರು. ಹಾಗಿದ್ದರೂ ಮಕ್ಕಳು ತಂದೆಯ ವಶದಲ್ಲಿಯೇ ಉಳಿದರು. ನಿರಪರಾಧಿಯೆಂದು ತೀರ್ಮಾನವಾದ ತಾಯಿಗೆ ಮಕ್ಕಳ ಮುಖವನ್ನು ನೋಡಲು ಕೂಡ ಕಾಯಿದೆಯಲ್ಲಿ ಹಕ್ಕಿರಲಿಲ್ಲ.

ಅವಳು ಅಳುತ್ತ ಕೂಡಲಿಲ್ಲ. ಕಿರುಹೊತ್ತಗೆಗಳನ್ನು ಬರೆದು ಪಾರ್ಲಿಮೆಂಟಿನ ಸದಸ್ಯರಿಗೆ ಹಂಚಿದಳು. ಅದರ ಫಲವಾಗಿ ೧೮೩೯ರಲ್ಲಿ ಶಿಶುಪೋಷಣೆಯ ಕಾಯಿದೆಯು ಜಾರಿಗೆ ಬಂದು, ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ವಶಕ್ಕೆ ಕೊಡಬೇಕೆಂದೂ ಅದಕ್ಕೆ ಮೇಲ್ಪಟ್ಟವರನ್ನು ನೋಡಲು ಬಿಡಬೇಕೆಂದೂ ತಾಯಿಯು ನ್ಯಾಯಸ್ಥಾನವನ್ನು ಬೇಡಬಹುದೆಂದಾಯಿತು. ಆದರೆ ಕಾಯಿದೆಯು ಸ್ಕಾಟ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲ, ಮಕ್ಕಳು ಅಲ್ಲಿದ್ದರು. ಕಿರಿಯವನಾದ ವಿಲಿಯಂ ೧೮೪೨ರಲ್ಲಿ ಕುದುರೆಯಿಂದ ಬಿದ್ದು ಸತ್ತನು. ತಾಯಿಯು ಬಂದು ಮುಟ್ಟುವಷ್ಟರಲ್ಲಿ ಎಲ್ಲವೂ ಮುಗಿದಿದ್ದಿತು. ಅವಳ ಪುಸ್ತಕಗಳಿಂದ ಬಂದ ಹಣವು ತನ್ನದೆಂದು ಗಂಡನು ಮುಂದೆ ಹಕ್ಕು ಸಾಧಿಸಿದಾಗ, ೧೮೫೫ರಲ್ಲಿ ವಿಕ್ಟೋರಿಯಾ ರಾಣಿಗೇ ಬಹಿರಂಗ ಪತ್ರವನ್ನು ಬರೆದಳು. ಇಷ್ಟು ಹೋರಾಡಿದವಳು ಸ್ತ್ರೀಪುರುಷರು ಸಮಾನರೆಂದು ಮಾತ್ರ ಎಂದೂ ಹೇಳಲಿಲ್ಲ. ಅಂತಹ ಮತವು ತನ್ನದಲ್ಲವೆಂದು ಬಹಿರಂಗವಾಗಿ ಸಾರಿದಳು. ಸಿದ್ಧಾಂತವನ್ನು ಒಪ್ಪದವಳೇ ಸಿದ್ಧಾಂತಕ್ಕೆ ಮೊದಲ ಕಾಯಿದೆಯನ್ನು ಗಳಿಸಿಕೊಟ್ಟಳು.

ಜೇಮ್ಸ್ ಮಿಲ್ಲನಿಗೆ ಪೂರ್ಣವಾದ ಉತ್ತರವನ್ನು ಕೊಟ್ಟವನು ಅವನ ಮಗನೇ. ಜಾನ್ ಸ್ಟುಅರ್ಟ್ ಮಿಲ್ಲನೂ ತಂದೆಯಂತೆ ೧೮೨೩ರಿಂದ ೧೮೫೮ರ ವರೆಗೆ ಕಂಪೆನಿಯ ಚಾಕರಿಯಲ್ಲಿದ್ದವನು. ೧೮೫೧ರ 'ಮಾರ್ಚ್' ತಿಂಗಳಿನಲ್ಲಿ, ಹ್ಯಾರಿಯೆಟ್ ಟೇಲರಳನ್ನು ವಿವಾಹವಾಗುವ ಮುನ್ನ, ಅವನು ಒಂದು ಕಾಗದದಲ್ಲಿ ಬರೆದಿಟ್ಟನು. ಕಾಯಿದೆಯು ಗಂಡನಿಗೆ ಹೆಂಡತಿಯ ದೇಹ, ಆಸ್ತಿ, ಸ್ವಾತಂತ್ರ್ಯಗಳ ಮೇಲೆ ಕೊಡುವ ಅಧಿಕಾರವು ತನಗೆ ಬೇಡವೆಂದೂ, ಅದನ್ನು ಬಿಟ್ಟುಬಿಡಲು ಕಾಯಿದೆಯಲ್ಲಿ ದಾರಿಯಿಲ್ಲದಿರುವುದರಿಂದ ಎಂದಿಗೂ ಉಪಯೋಗಿಸೆನೆಂದು ಪ್ರತಿಜ್ಞೆ ಮಾಡುವುದಾಗಿಯೂ ಅದರಲ್ಲಿದ್ದಿತು. ಅದೇ ವರ್ಷ ಹ್ಯಾರಿಯೆಟ್ಟಳು ಸ್ತ್ರೀಯರ ಮತದಾನವನ್ನು ಕುರಿತ ಲೇಖನವನ್ನು ಪ್ರಕಟಿಸಿದಳು. ಪಾರ್ಲಿಮೆಂಟಿನ ಸದಸ್ಯನಾದ ಮಿಲ್ಲನು ೧೮೬೭ರ ಮೇ ೨೦ರಂದು ಮತದಾನದ ಮಸೂದೆಯಲ್ಲಿ ಪುರುಷನೆಂಬ ಶಬ್ದವನ್ನು ತೆಗೆದು ವ್ಯಕ್ತಿಯೆಂದು ಹಾಕಬೇಕೆಂದು ಸೂಚಿಸಿದಾಗ ೭೩ ಮಂದಿ ಒಪ್ಪಿದರು, ೧೯೬ ಮಂದಿ ವಿರೋಧಿಸಿದರು. ೧೮೬೯ರಲ್ಲಿ ಸ್ತ್ರೀಯರ ಪರಾಧೀನತೆಯನ್ನು ಕುರಿತ ಅವನ ಗ್ರಂಥವು ಹೊರಬಂದಿತು.

ಆಸ್ಟೆಲಳು ಬಿಟ್ಟುಹೋದ ಪ್ರಶ್ನೆಯ ಎಳೆಯು ಇಲ್ಲಿ ಮತ್ತೆ ಕೈಗೆ ಸಿಕ್ಕುತ್ತದೆ. ಬಹುಮಂದಿ ಗಂಡಂದಿರು ತಮಗಿರುವ ಅಧಿಕಾರವನ್ನು ಉಪಯೋಗಿಸುವುದಿಲ್ಲವೆಂಬುದನ್ನು ಮಿಲ್ಲನು ಸಂತೋಷದಿಂದ ಒಪ್ಪುತ್ತಾನೆ. ಆದರೆ ಒಳ್ಳೆಯವರನ್ನು ನೋಡಿ ಕಾಯಿದೆ ಮಾಡಲಾಗದು, ಕೆಟ್ಟವರನ್ನು ನೋಡಿ ಮಾಡಬೇಕು. ಮದುವೆಯಾಗಲು ಯೋಗ್ಯತೆಯ ಪರೀಕ್ಷೆಯಿಲ್ಲವಷ್ಟೆ. ಅತ್ಯಂತ ಕ್ರೂರನಾದವನಿಗೂ ಒಬ್ಬಳು ಹೆಂಡತಿಯು ಸಿಕ್ಕಿಯೇ ಸಿಕ್ಕುತ್ತಾಳೆ, ಅವನ ಕೈಗೂ ಅದೇ ಅಧಿಕಾರವು ಹೋಗುತ್ತದೆ. ಇನ್ನು ಗಂಡುಮಕ್ಕಳ ಮಾತು. ಯಾವ ಗುಣವೂ ಯಾವ ಶ್ರಮವೂ ಇಲ್ಲದೆ, ಗಂಡಾಗಿ ಹುಟ್ಟಿದ ಮಾತ್ರಕ್ಕೆ ಅಕ್ಕತಂಗಿಯರಿಗಿಂತಲೂ ತಾಯಿಗಿಂತಲೂ ತಾನು ಮೇಲೆಂದು ತಿಳಿದು ಬೆಳೆದ ಹುಡುಗನು ದೊಡ್ಡವನಾಗಿ ಸಭೆಯಲ್ಲಿ ಸಮಾನರೊಡನೆ ಸಮಾನನಾಗಿ ಕುಳಿತುಕೊಳ್ಳುವುದನ್ನು ಎಲ್ಲಿ ಕಲಿತಾನು? ಹೀಗಿರುವ ಸಂಸಾರವು ಸ್ವೇಚ್ಛಾಧಿಕಾರದ ಪಾಠಶಾಲೆಯಾಗುತ್ತದೆ ಎಂಬುದು ಮಿಲ್ಲನ ಅಭಿಪ್ರಾಯ. ನಮ್ಮ ಶಾಲೆಯು ಹುಡುಗಿಯರದಾದುದರಿಂದ ಇದು ನಮಗೆ ಸಂಬಂಧಿಸದೆಂದು ತಾಯಂದಿರು ತಿಳಿಯಬಾರದು. ತಂಗಿಯು ತಟ್ಟೆಯನ್ನು ತೊಳೆಯುವಾಗ ಅಣ್ಣನು ಕಾಲು ಚಾಚಿ ಕುಳಿತಿರುವ ಮನೆಯಲ್ಲಿ ಇಬ್ಬರಿಗೂ ಪಾಠವಾಗುತ್ತಿರುತ್ತದೆ. ಹೀಗೆ ಬರೆದ ಮಿಲ್ಲನು ಕೂಡ ವಿವಾಹಿತಳಾದವಳಿಗೆ ಮನೆವಾರ್ತೆಯೇ ಸಾಮಾನ್ಯವಾಗಿ ತಕ್ಕ ವೃತ್ತಿಯೆಂದು ಒಂದೆಡೆ ಹೇಳಿ ನಿಲ್ಲಿಸಿದನು.

ಮುಂದಿನ ಸುಧಾರಣೆಗಳು ತುಂಡುತುಂಡಾಗಿ ಬಂದವು. ೧೮೭೦ರಲ್ಲಿ ವಿವಾಹಿತಳ ದುಡಿಮೆಯ ಹಣವೂ, ೧೮೮೨ರ ಕಾಯಿದೆಯಿಂದ ಅವಳ ಆಸ್ತಿಯೆಲ್ಲವೂ ಅವಳದಾಯಿತು. ಬಡವರ ಕೇರಿಗಳಲ್ಲಿ ಹೆಂಡಿರಿಗೆ ಆಗುತ್ತಿದ್ದ ಚಿತ್ರಹಿಂಸೆಯನ್ನು ಫ್ರಾನ್ಸಿಸ್ ಪವರ್ ಕಾಬ್ ಎಂಬಾಕೆಯು ೧೮೭೮ರಲ್ಲಿ ಪತ್ರಿಕೆಯಲ್ಲಿ ಬರೆದು ಬಯಲಿಗೆಳೆದಳು; ಕ್ರೂರವಾಗಿ ಹೊಡೆದು ಶಿಕ್ಷೆಗೊಳಗಾದ ಗಂಡನಿಂದ ಹೆಂಡತಿಗೆ ಬೇರೆ ವಾಸದ ಆಜ್ಞೆಯನ್ನು ಮ್ಯಾಜಿಸ್ಟ್ರೇಟನೇ ಕೊಡಬಹುದೆಂದು ಅದೇ ವರ್ಷ ಕಾಯಿದೆಯಾಯಿತು. ಹೆಂಡತಿಯನ್ನು ಹಿಡಿದು ಕೂಡಿಹಾಕಲು ಗಂಡನಿಗೆ ಹಕ್ಕಿಲ್ಲವೆಂಬ ತೀರ್ಪು ೧೮೯೧ರದು. ಮದುವೆಯಾದ ಮಾತ್ರಕ್ಕೆ ಅವಳು ತನ್ನ ದೇಹದ ಮೇಲಣ ಇಷ್ಟಾನಿಷ್ಟವನ್ನು ಶಾಶ್ವತವಾಗಿ ಬಿಟ್ಟುಕೊಟ್ಟಂತಾಗದು ಎಂದು ಅಲ್ಲಿನ ಅತ್ಯುನ್ನತ ನ್ಯಾಯಸ್ಥಾನವು ಹೇಳಿದುದು ೧೯೯೧ರಲ್ಲಿ! ಎರಡು ತೀರ್ಪುಗಳ ನಡುವೆ ಸರಿಯಾಗಿ ನೂರು ವರ್ಷ.

ಈ ಕಾಯಿದೆಗಳ ಒಳಿತೂ ಕೆಡಕೂ ನಮ್ಮ ದೇಶಕ್ಕೆ ಹಡಗಿನಲ್ಲಿ ಬಂದವು. ಗಂಡನ ಮನೆಗೆ ಬಾರದ ಹೆಂಡತಿಯನ್ನು ಸೆರೆಗೆ ಕಳುಹಿಸುವ ಶಿಕ್ಷೆಯನ್ನು ಇಂಗ್ಲೆಂಡು ೧೮೮೪ರಲ್ಲಿ ಕೈಬಿಟ್ಟಿತು. ಅದೇ ವರ್ಷ ಮುಂಬಯಿಯಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ ಮದುವೆಯಾಗಿದ್ದ ರುಖ್ಮಾಬಾಯಿಯ ಮೇಲೆ ದಾದಾಜಿ ಭಿಕಾಜಿಯು ಇಂಗ್ಲೆಂಡಿನಿಂದಲೇ ಬಂದ ಆ ಬಗೆಯ ದಾವೆಯನ್ನು ಹೂಡಿದನು. ಗಂಡನ ಮನೆಗೆ ಹೋಗು, ಇಲ್ಲವಾದರೆ ಆರು ತಿಂಗಳು ಸೆರೆಮನೆಗೆ ಹೋಗು ಎಂದು ೧೮೮೭ರಲ್ಲಿ ಆಜ್ಞೆಯಾದಾಗ ಆಕೆಯು ಸೆರೆಮನೆಯೇ ಲೇಸೆಂದಳು. ಮರುವರ್ಷ ಹಣ ಕೊಟ್ಟು ರಾಜಿಯಾಯಿತು. ಆಕೆಯು ಲಂಡನ್ನಿನಲ್ಲಿ ವೈದ್ಯಶಾಸ್ತ್ರವನ್ನು ಕಲಿತು ೧೮೯೪ರಲ್ಲಿ ತೇರ್ಗಡೆಯಾಗಿ, ಸೂರತ್ತಿನಲ್ಲಿಯೂ ರಾಜಕೋಟೆಯಲ್ಲಿಯೂ ಸ್ತ್ರೀಯರಿಗೆ ಚಿಕಿತ್ಸೆ ಮಾಡುತ್ತ ಬಾಳಿದಳು. ಮನೆಯೊಳಗಿನ ಹಿಂಸೆಯಿಂದ ಸ್ತ್ರೀಯರಿಗೆ ರಕ್ಷಣೆ ಕೊಡುವ ಪ್ರತ್ಯೇಕ ಕಾಯಿದೆಯು ನಮ್ಮ ಪಾರ್ಲಿಮೆಂಟಿನಲ್ಲಿ ಆದುದು ೨೦೦೫ರಲ್ಲಿ. ಏಟು ಮಾತ್ರವಲ್ಲ, ಬೈಗುಳವೂ ಹಣವನ್ನು ತಡೆಹಿಡಿಯುವುದೂ ಹಿಂಸೆಯೆಂದು ಅದು ಎಣಿಸುತ್ತದೆ.

ಕ್ರೈಸ್ತ ಕುಟುಂಬಗಳವರಿಗೆ ಇನ್ನೊಂದು ಹಳೆಯ ಕಾಯಿದೆಯ ವಿಷಯವನ್ನು ಹೇಳಬೇಕಾಗಿದೆ. ಬ್ಲ್ಯಾಕ್‌ಸ್ಟನ್ನನ ಸಿದ್ಧಾಂತವು ಇಂಗ್ಲೆಂಡಿನಲ್ಲಿ ಪೂರ್ತಿಯಾಗಿ ಸಾಯುವ ಮೊದಲೇ, ೧೮೬೫ರ ವಾರಸಾ ಕಾಯಿದೆಯು ಬ್ರಿಟಿಷ್ ಇಂಡಿಯಾದಲ್ಲಿ ಮದುವೆಯ ಕಾರಣದಿಂದ ಒಬ್ಬರ ಆಸ್ತಿಯಲ್ಲಿ ಇನ್ನೊಬ್ಬರಿಗೆ ಹಕ್ಕು ಹುಟ್ಟುವುದಿಲ್ಲವೆಂದು ವಿಧಿಸಿತು. ಅದರ ಹಿಂದೆಯೇ ೧೮೭೪ರಲ್ಲಿ ವಿವಾಹಿತ ಸ್ತ್ರೀಯರ ಆಸ್ತಿಯ ಕಾಯಿದೆಯು ಬಂದಿತು. ಹಿಂದೂ, ಮಹಮ್ಮದೀಯ, ಬೌದ್ಧ, ಸಿಖ್, ಜೈನ ಸ್ತ್ರೀಯರನ್ನು ಅದರಿಂದ ಹೊರಗಿಟ್ಟಿದ್ದುದರಿಂದ, ಆಗ ಬ್ರಿಟಿಷರ ಆಳಿಕೆಯಲ್ಲಿದ್ದ ಮಂಗಳೂರು, ಧಾರವಾಡಗಳ ಕಡೆಯಲ್ಲಿ ಅದು ಹೆಚ್ಚಾಗಿ ಮುಟ್ಟಿದುದು ಕ್ರೈಸ್ತ ಮನೆಗಳನ್ನು. ಮಿಶನ್ ಶಾಲೆಯಲ್ಲಿ ಪಾಠ ಹೇಳಿಯೋ, ಆಸ್ಪತ್ರೆಯಲ್ಲಿ ಶುಶ್ರೂಷೆ ಮಾಡಿಯೋ, ಬಟ್ಟೆ ಹೊಲಿದೋ, ಪುಸ್ತಕ ಬರೆದೋ ಹೆಂಡತಿಯು ಗಳಿಸಿದ ಹಣವು ಅವಳ ಪ್ರತ್ಯೇಕ ಸ್ವತ್ತು. ಆ ಹಣವನ್ನು ಕೊಡುವವರಿಗೆ ಅವಳೊಬ್ಬಳ ರಸೀತಿಯೇ ಸಾಕು, ಗಂಡನ ಸಹಿಯು ಬೇಕಾಗಿಲ್ಲ ಎಂದು ಅದರ ನಾಲ್ಕನೆಯ ಕಲಮಿನಲ್ಲಿದೆ. ಆ ಕಲಮು ಇಂದಿಗೂ ಜಾರಿಯಲ್ಲಿದೆ.